ಅಕ್ಕನ ಸೊಲ್ಲು

ಪಂಪಾಪತಿ ದೇವದುರ್ಗದ ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಅತಿಥಿ ಉಪನ್ಯಾಸಕ. ಇಷ್ಟು ವರ್ಷ ಇದ್ದವನನ್ನು ಇನ್ನೂ ಅತಿಥಿ ಎನ್ನುವುದು ನಮ್ಮಲ್ಲಿ ಮಾತ್ರ ಸಾಧ್ಯ. ರಾಯಚೂರಿನಿಂದ ಗಬ್ಬೂರಿನ ಮೇಲೆ ಹೋಗುವ ಬೆಳಗಿನ ಬಸ್ಸಿನಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂರುತ್ತಿದ್ದೆವು. ನಾನು ಇತಿಹಾಸ, ಅವನು ಕನ್ನಡ. ನಲವತ್ತೆರಡಾದರೂ ಅವನಿಗೆ ಮದುವೆಯಾಗಿರಲಿಲ್ಲ. ಮಾನ್ವಿಯಲ್ಲಿದ್ದ ತಾಯಿ ತೀರಿಕೊಂಡ ಮೇಲೆ ಅವನ ಫೋನು ರಿಂಗಾದದ್ದನ್ನು ನಾನು ಕೇಳಿದ್ದೇ ಕಡಿಮೆ.

ಅವನ ದಾರಿ ಕಾಯುವ ಜೀವ ಒಂದೇ ಇತ್ತು, ಮಸರಕಲ್ಲಿನ ಅಂಬಮ್ಮ. ಕಳೆ ತೆಗೆಯುವ ಹೆಂಗಸರ ಹಾಡುಗಳ ಮೇಲೆ ಅವನ ಪಿಎಚ್.ಡಿ. ಅಂಬಮ್ಮ ಮತ್ತು ಅವಳ ಅಕ್ಕ ಹುಲಗೆಮ್ಮ ನಲವತ್ತು ವರ್ಷ ಜೊತೆಯಾಗಿ ಕೂಲಿಗೆ ಹೋದವರು. ಸಾಲು ಹಿಡಿದು ಕೂತರೆ ಅಕ್ಕ ಒಂದು ಸೊಲ್ಲು ಎತ್ತಿ ಕೇಳಬೇಕು, ತಂಗಿ ಉತ್ತರದ ಸೊಲ್ಲು ಹೇಳಬೇಕು. ಒಬ್ಬರದನ್ನು ಇನ್ನೊಬ್ಬರು ಬಾಯಿಗೆ ತರುವಂತಿರಲಿಲ್ಲ. ಹುಲಗೆಮ್ಮ ಸತ್ತು ಆರು ವರ್ಷವಾಗಿತ್ತು. ಅಂಬಮ್ಮ ಈಗ ಬರೀ ಉತ್ತರಗಳನ್ನು ಹಾಡುತ್ತಿದ್ದಳು. ನಡುವೆ ಅಕ್ಕ ಹಾಡುವಷ್ಟು ಹೊತ್ತು ಸುಮ್ಮನಿರುತ್ತಿದ್ದಳು.

“ಅಕ್ಕನ ಸೊಲ್ಲು ನೆಪ್ಪದ ಏನ್ ಯವ್ವಾ?” ಎಂದು ಇವನು ಕೇಳುತ್ತಿದ್ದ.

“ಎಲ್ಲಾ ಎದಿಯಾಗ ಅದ ಯಪ್ಪಾ. ಅಕಿದು ನಾ ಅನ್ನಬಾರದು. ಸಾಯೂದ್ರೊಳಗ ನಿನಗೊಬ್ಬನಿಗೆ ಹೇಳ್ತೀನಿ, ತಡಿ.”

ಇವನು ಕಾದ. ಈ ಹಾಡುಗಳ ಮೇಲೆ ಬರೆದ ಲೇಖನದಲ್ಲಿ ಅಕ್ಕನ ಸೊಲ್ಲು ಬರಬೇಕಾದ ಕಡೆಯೆಲ್ಲ ಚುಕ್ಕಿ ಇಟ್ಟ.

ಪ್ರಬಂಧ ಸಲ್ಲಿಸುವ ಮುಂಚೆ ಆ ಲೇಖನ ಸಂಶೋಧನಾ ಪತ್ರಿಕೆಯೊಂದರಲ್ಲಿ ಅಚ್ಚಾಗಲೇಬೇಕಿತ್ತು. ನೋಂದಣಿಯ ಅವಧಿ ಮುಗಿಯಲು ಉಳಿದದ್ದು ಮೂರೇ ತಿಂಗಳು. “ಎಐಗೆ ಕೊಡ್ರಿ ಸರ್, ಭಾಷಾ ತಿದ್ದಿ ಕೊಡ್ತದ,” ಎಂದ ಶಾಣ್ಯಾ ನಾನೇ. ಅದು ಭಾಷೆ ತಿದ್ದಿತು, ಜೊತೆಗೆ ಚುಕ್ಕಿಗಳ ಜಾಗದಲ್ಲಿ ತಾನೇ ಸೊಲ್ಲು ಕಟ್ಟಿ ತುಂಬಿತು. ಪಂಪಾಪತಿ ಪೀಠಿಕೆ ನೋಡಿದ, ಅಡಿಟಿಪ್ಪಣಿ ಒಂದೊಂದೂ ನೋಡಿದ. ಹಾಡನ್ನು ಮಾತ್ರ ನೋಡಲಿಲ್ಲ. ಬಾಯಿಪಾಠವಿದ್ದದ್ದನ್ನು ಏನು ನೋಡುವುದು ಎಂದುಕೊಂಡನಂತೆ. ಎಐ ಬಳಸಿದ್ದೀರಾ ಎಂದು ಪತ್ರಿಕೆಯವರು ಕೇಳಿದ್ದಕ್ಕೆ, ಭಾಷೆ ತಿದ್ದಲು ಮಾತ್ರ ಎಂದು ಬರೆದುಕೊಟ್ಟ.

ಸಂಚಿಕೆ ಕೈಗೆ ಬಂದ ಭಾನುವಾರವೇ ಮಸರಕಲ್ಲಿಗೆ ಓಡಿದ. ಅಂಬಮ್ಮನ ಮುಂದೆ ಕೂತು ಗಟ್ಟಿಯಾಗಿ ಓದತೊಡಗಿದ. “ಬಿಸಿಲೇರಿತಲ್ಲ ತಂಗಿ, ನೀನ್ಯಾಕ ಬರಲಿಲ್ಲ?” ಎಂಬ ಸಾಲು ಬಾಯಿಂದ ಬಂದ ಮೇಲೆ, ತಾನು ಚುಕ್ಕಿ ಇಟ್ಟ ಜಾಗ ಅದು ಎಂದು ಅವನಿಗೆ ಹೊಳೆಯಿತು. ತಲೆ ಎತ್ತಿದರೆ ಅಂಬಮ್ಮ ಅಳುತ್ತಿದ್ದಳು.

“ಅಕ್ಕನೇ ಕರದಂಗ ಆತೋ ಯಪ್ಪಾ. ನನಗ ಬ್ಯಾರೆ ನೆಪ್ಪಿತ್ತು. ಬುಕ್ಕಿನಾಗ ಅದ ಅಂದ್ರ ಇದೇ ಖರೇ ಇರಬೇಕು. ಇನ್ನೊಮ್ಮಿ ಓದು.”

ಇವನು ನಿಜ ಹೇಳಲಿಲ್ಲ. ಅವಳು ಕೇಳಿದಷ್ಟು ಸಲ ಓದಿದ.

ಮರುದಿನ ಬಸ್ಸಿನಲ್ಲಿ ಎಲ್ಲವನ್ನೂ ಹೇಳಿ, ಲೇಖನ ವಾಪಸ್ ಪಡೆಯುತ್ತೇನೆ ಎಂದ.

“ಹುಚ್ಚ ಏನ್ರಿ? ಮತ್ತೊಂದು ಅಚ್ಚಾಗೂದ್ರೊಳಗ ಅವಧಿ ಮುಗೀತದ. ಹಾಡು ಯಾರು ಓದ್ತಾರ್ರಿ?” ಎಂದೆ.

“ಹುಲಗೆಮ್ಮ ಅನ್ನಲಾರದ್ದು ಅಕಿ ಹೆಸರಿನಾಗ ಅದ ರೀ ಸರ್,” ಎಂದ. ಅಂದೇ ಸಂಪಾದಕರಿಗೆ ಬರೆದ. ಲೇಖನ ಹೋಯಿತು, ಅದರ ಹಿಂದೆಯೇ ಪಿಎಚ್.ಡಿ.ಯೂ ಹೋಯಿತು. ನನಗೆ ನನ್ನ ಮೇಲೇ ಸಿಟ್ಟು ಬಂದಿತ್ತು.

ಮುಂದಿನ ಭಾನುವಾರ ನಾನೂ ಅವನ ಜೊತೆ ಹೋದೆ. ಅಂಬಮ್ಮ ಕಟ್ಟೆಯ ಮೇಲೆ ಒಬ್ಬಳೇ ಕೂತು ಬುಕ್ಕಿನಲ್ಲಿದ್ದ ಅಕ್ಕನ ಸೊಲ್ಲನ್ನೂ ತನ್ನದನ್ನೂ ಗುನುಗುತ್ತಿದ್ದಳು. ವಾರವೆಲ್ಲ ಅದೇ ಕೆಲಸವಂತೆ.

“ಯವ್ವಾ, ಅದು ಹುಲಗೆಮ್ಮಂದಲ್ಲ. ಮಷೀನ್ ಕಟ್ಟಿದ್ದು. ನಾ ಓದಿ ನೋಡಲಿಲ್ಲ. ನನ್ನದು ತಪ್ಪಾತು,” ಎಂದು ಅವಳ ಕಾಲ ಹತ್ತಿರ ಕೂತ. “ನಿನ್ನ ನೆಪ್ಪಿನಾಗಿದ್ದದ್ದೇ ಖರೇ. ಅದನ್ನ ಅನ್ನು, ಬರಕೋತೀನಿ.”

ಅಂಬಮ್ಮ ನೆಟ್ಟಗೆ ಕೂತಳು. ನೆನಪಿನಲ್ಲಿದ್ದ ಅಕ್ಕನ ಸೊಲ್ಲನ್ನು ಮೊದಲ ಸಲ ತಾನೇ ಎತ್ತಲು ಹೊರಟಳು. “ಬಿಸಿಲೇರಿತಲ್ಲ” ಎಂದು ನಿಂತಳು. ತಲೆ ಅಲ್ಲಾಡಿಸಿ ಮತ್ತೆ ಶುರು ಮಾಡಿದಳು. ಮತ್ತೆ ಅದೇ ಬಂತು. ಪಂಪಾಪತಿ ಪೆನ್ನು ಹಿಡಿದುಕೊಂಡೇ ಕೂತಿದ್ದ.

“ನೀ ಓದಿದ್ದೇ ಬರಾಕತ್ತದಲ್ಲೋ ಯಪ್ಪಾ,” ಎಂದಳು. “ಅಕ್ಕಂದು ಬರವಲ್ದು.”