ನಾಲ್ಕು ಗಂಟೆಯ ನಾಡಿ

ಇನ್ನು ಉಳಿಯುವುದಿಲ್ಲ ಎಂದು ಆಸ್ಪತ್ರೆಯವರು ಮನೆಗೆ ಕಳಿಸಿದ ರೋಗಿಗಳನ್ನು ನೋಡಿಕೊಳ್ಳುವ ಆ ನರ್ಸಮ್ಮನಿಗೆ ನಿಧಾನಕ್ಕ ಎಂದೇ ಹೆಸರು ಬಿದ್ದಿತ್ತು. ಬಾಯಿ ಒರೆಸುವುದಕ್ಕೇ ಅರ್ಧ ಗಂಟೆ ತೆಗೆದುಕೊಳ್ಳುವ ಹೆಂಗಸು. ಆದರೆ ಹದಿನೇಳು ವರ್ಷದಲ್ಲಿ ಅವಳ ಕೈಕೆಳಗೆ ಮಲಗಿದವರಲ್ಲಿ ಒಬ್ಬರ ಬೆನ್ನಿಗೂ ಹುಣ್ಣಾದದ್ದಿಲ್ಲ.

ಅವಳಿಗೆ ಆಗಿಬರದಿದ್ದದ್ದು ಆರೋಗ್ಯ ಇಲಾಖೆಯ ಹಾಳೆ. ಎಂಟು, ಹನ್ನೆರಡು, ನಾಲ್ಕು, ಮತ್ತೆ ರಾತ್ರಿ ಎಂಟಕ್ಕೆ ನಾಡಿ, ಜ್ವರ, ನೋವು ಹತ್ತಕ್ಕೆ ಎಷ್ಟೆಂದು ಬರೆಯಬೇಕು. ಒಂದು ಕಾಲಂ ಖಾಲಿ ಬಿಟ್ಟರೂ ಲೈಸೆನ್ಸಿಗೆ ಕುತ್ತು. ಪೆನ್ನು ಹಿಡಿದು ಕೂತರೆ ರೋಗಿಯ ಮಗ್ಗುಲು ಬದಲಿಸುವವರು ಯಾರು, ಇಲಾಖೆಯವರು ಬರುತ್ತಾರಾ? ಹಾಗಾಗಿ ಬೆಳಿಗ್ಗೆಯೇ ಇಡೀ ದಿನದ ಅಂಕಿಗಳನ್ನು ಗೀಚಿ, ಹಾಳೆ ಪಕ್ಕಕ್ಕಿಟ್ಟು ಕೆಲಸಕ್ಕೆ ಇಳಿಯುತ್ತಿದ್ದಳು.

ಅವಳು ನೋಡಿಕೊಳ್ಳುತ್ತಿದ್ದ ಟೈಲರ್ ಅಜ್ಜಿ ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ತೀರಿಕೊಂಡರು. ಒಂದಕ್ಕೆ ಡಾಕ್ಟರು ಬಂದು ನೋಡಿದರು, ಐದಕ್ಕೆ ವ್ಯಾನು ದೇಹವನ್ನು ಒಯ್ದಿತು. ಆ ಗಡಿಬಿಡಿಯಲ್ಲಿ ಹಾಳೆಯ ನೆನಪು ಯಾರಿಗಿತ್ತು?

ಸಾವಾದ ಮನೆಯ ಫೈಲು ನೋಡಲೇಬೇಕೆಂದು ನಿಯಮ. ನಾಲ್ಕನೆಯ ದಿನ ಇಲಾಖೆಯ ಇನ್‌ಸ್ಪೆಕ್ಟರ್ ಬಂದು, ನಿಧಾನಕ್ಕನನ್ನೂ ಕರೆಸಿ, ಅಜ್ಜಿಯ ಮನೆಯ ಊಟದ ಮೇಜಿನ ಮೇಲೆ ಅದನ್ನು ಬಿಚ್ಚಿದ. ಪಕ್ಕದಲ್ಲಿ ಕೂತಿದ್ದ ಅಜ್ಜಿಯ ಮಗಳೂ ಬಗ್ಗಿ ಓದಿದಳು.

“ನಾಲ್ಕು ಗಂಟೆಗೆ ನಾಡಿ ಅರವತ್ತೆಂಟು ಅಂತ ಇದೆಯಲ್ಲಾ!” ಅವಳ ಮುಖ ಬಿಳಿಚಿತು. “ಅಕ್ಕಾ, ಅಮ್ಮನಿಗೆ ಜೀವ ಇತ್ತಾ? ಜೀವ ಇರುವಾಗಲೇ ಕಳಿಸಿಬಿಟ್ವಾ?”

ಇನ್‌ಸ್ಪೆಕ್ಟರ್ ಕೆಟ್ಟವನೇನಲ್ಲ. “ಕೈತಪ್ಪಿ ಬರೆದಿರಬೇಕು, ಅಲ್ವೇನಮ್ಮಾ?” ಎಂದು ನಿಧಾನಕ್ಕನಿಗೆ ದಾರಿ ತೋರಿಸಿದ. ಹೂಂ ಎಂದಿದ್ದರೆ ಲೈಸೆನ್ಸು ಉಳಿಯುತ್ತಿತ್ತು. ಆದರೆ ಮಗಳು ಆ ಹೂಂ ನಂಬಿಕೊಂಡು ನಿದ್ದೆ ಮಾಡುವಳೇ? ಜನ್ಮವಿಡೀ ಆ ವ್ಯಾನನ್ನೇ ನೆನೆದು ಒದ್ದಾಡುವಳು.

“ಇಲ್ಲಮ್ಮಾ, ಹನ್ನೊಂದಕ್ಕೇ ಹೋದ್ರು, ನನ್ನ ತೋಳಲ್ಲೇ. ಇದನ್ನ ನಾನು ಬೆಳಿಗ್ಗೆನೇ ಬರೆದಿಟ್ಟಿದ್ದೆ. ದಿನಾ ಹಾಗೇ ಬರೀತಿದ್ದೆ.”

ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದ. ಕೆಲಸ ಹೋಯಿತೆಂದು ಅವಳಿಗೆ ತಿಳಿಯಿತು. ಆದರೂ ಮಗಳು ನಿರಾಳವಾಗಿ ಉಸಿರು ಬಿಟ್ಟದ್ದನ್ನು ಕಂಡು ಸಮಾಧಾನವಾಯಿತು, ಒಂದು ಗಳಿಗೆ. ಅಷ್ಟರಲ್ಲಿ ಮಗಳು ಫೈಲನ್ನು ಹತ್ತಿರಕ್ಕೆ ಎಳೆದುಕೊಂಡು ಹಿಂದಿನ ಹಾಳೆಗಳನ್ನು ತಿರುವತೊಡಗಿದಳು.

“ಅಮ್ಮನ ಮಾತು ನಿಂತ ಮೇಲೂ ನೋವು ಮೂರು, ಮೂರು ಅಂತಲೇ ಇದೆ. ಇದೂ ಬೆಳಿಗ್ಗೆ ಬರೆದದ್ದಾ? ಡಾಕ್ಟರು ಇದನ್ನ ನೋಡಿ ತಾನೇ ಔಷಧಿ ಇಷ್ಟೇ ಸಾಕು ಅಂದಿದ್ದು?”

ಕೊನೆಯ ವಾರ ಅಜ್ಜಿ ಹುಬ್ಬು ಗಂಟಿಕ್ಕಿಕೊಂಡೇ ಮಲಗಿರುತ್ತಿದ್ದರು. ನಿಧಾನಕ್ಕ ಆ ಹುಬ್ಬನ್ನು ಗಂಟೆಗಟ್ಟಲೆ ಸವರಿದ್ದಳು. ಎದ್ದು ಹೋಗಿ ಹಾಳೆಯಲ್ಲಿ ಮೂರನ್ನು ತಿದ್ದಬೇಕೆಂದು ಮಾತ್ರ ಒಮ್ಮೆಯೂ ತೋಚಿರಲಿಲ್ಲ.

“ಹೌದಮ್ಮಾ,” ಎಂದಳು.