ನಳದ ಪಾಳಿ

ಐವತ್ತರ ದಶಕದಲ್ಲಿ ಮುಂಬಯಿಯ ಘಾಟ್ಕೋಪರಿನ ನಮ್ಮ ಚಾಳಿನ ಹತ್ತು ಮನೆಗೆ ಒಂದೇ ನಳ. ನೀರಿಗಾಗಿ ಜಗಳ ಎದ್ದರೆ ಪಕ್ಕದ ಮನೆಯ ಧಾರವಾಡದ ಕಾಕಾ, "ಇವತ್ತ ಅಕ್ಷರದ ಪಾಳಿ. ಯಾರು ಮೊದಲು, ಹೇಳ್ರಿ ನೋಡೋಣ" ಎನ್ನುತ್ತಿದ್ದರು. ಸಾಲಿನಲ್ಲಿ ನಿಂತ ಒಂದರಿಂದ ಹತ್ತರವರೆಗಿನ ಸಂಖ್ಯೆಗಳ ಹೆಸರನ್ನು ಅಕ್ಷರಮಾಲೆಯಂತೆ ಜೋಡಿಸಿದರೆ ಆರು ಮೊದಲಾಗುತ್ತದೆ, ಒಂದು ಆರನೆಯ ಜಾಗಕ್ಕೆ ಜಾರುತ್ತದೆ. ಬೆರಳು ಮಡಚಿ ಲೆಕ್ಕ ಹಾಕುತ್ತ ಹೆಂಗಸರು ಜಗಳ ಮರೆಯುತ್ತಿದ್ದರು. ಕಾಕಾ ಮಾತ್ರ ತಮ್ಮ ಬಕೆಟನ್ನು ಸದಾ ಐದನೆಯದಾಗಿ ಇಡುತ್ತಿದ್ದರು. ಹೇಗೆ ಜೋಡಿಸಿದರೂ ಐದು ಐದನೆಯದೇ. ತಮ್ಮ ಲಾಭ ನೋಡಿಕೊಂಡರೆಂದು ಯಾರೂ ಅನ್ನಬಾರದು.

ಕೂಸಿಗೆ ಹಾಲು ಕುಡಿಸಿ ಬರುವಷ್ಟರಲ್ಲಿ ದಿನಾ ಹತ್ತನೆಯವಳಾಗುತ್ತಿದ್ದ ನಮ್ಮ ಅತ್ತಿಗೆ ಒಮ್ಮೆ ಮೆಲ್ಲಗೆ, "ಹತ್ತಕ್ಕ ಯಾವ ಲೆಕ್ಕದಾಗೂ ಕಡೀ ಪಾಳೀನೇ ಅಲ್ರೀ ಕಾಕಾ? ಅಷ್ಟೊತ್ತಿಗೆ ನೀರು ನಿಂತಿರ್ತಾವ" ಎಂದಳು.

ಕಾಕಾ ನಗಲಿಲ್ಲ. ಅವಳ ಕೊಡವನ್ನು ಐದನೆಯ ಜಾಗದಲ್ಲಿಟ್ಟು, ತಮ್ಮ ಬಕೆಟ್ ಹಿಡಿದು ಹಿಂದೆ ಹತ್ತನೆಯ ಜಾಗಕ್ಕೆ ನಡೆದರು. ಮರುದಿನದಿಂದ ದಿನಾ ಅಲ್ಲೇ ನಿಲ್ಲತೊಡಗಿದರು.