ಬಾಗಿಲ ಹಿಂದಿನ ತಾಟು

ಪುಣೆ ಹತ್ತಿರದ ಹಡಪಸರದ ಧರ್ಮಣ್ಣನಿಗೆ ಎಂದೋ ಸತ್ತುಹೋದ ಮನುಷ್ಯನೊಬ್ಬನ ಮೇಲೆ ಹೊಟ್ಟೆಕಿಚ್ಚು ಹುಟ್ಟಿತ್ತು. ಅದೂ ಸಮುದ್ರದಾಚೆಯ, ಮುಖ ಕಾಣದ ಮನುಷ್ಯ!

1982ರ ಮಾತು. ಕಾರಖಾನೆಯಲ್ಲಿ ಮೂಟೆ ಹೊರುವ ಧರ್ಮಣ್ಣನ ಹೆಂಡತಿ ಸಾಬವ್ವ, ಉಮಾವತಿ ಬಾಯಿಯವರ ಭಾನುವಾರದ ಕನ್ನಡ ವರ್ಗಕ್ಕೆ ಹೋಗಿ ಓದಲು ಕಲಿತಿದ್ದಳು. ಬಾಯಿಯವರು ಈಗ ಪುಸ್ತಕವೊಂದನ್ನು ಕೊಟ್ಟು, ವಾರಕ್ಕೊಂದು ಅಧ್ಯಾಯ ಓದಿ ಬಂದು ಎಲ್ಲರೆದುರು ಹೇಳಬೇಕೆಂದಿದ್ದರು. ಗುಲಾಮನಾಗಿ ಹುಟ್ಟಿ, ಧಣಿಯ ಮನೆಯಿಂದ ಓಡಿಹೋಗಿ ಸ್ವತಂತ್ರನಾದವನೊಬ್ಬ ತಾನೇ ಬರೆದುಕೊಂಡ ಕಥೆ ಅದು.

ರೊಟ್ಟಿ ಬಡಿಯುವಾಗಲೂ ಸಾಬವ್ವನ ಬಾಯಲ್ಲಿ ಅವನದೇ ಗುಣಗಾನ.

“ಭಾಳ ಗಟ್ಟಿ ಗಂಡಸು ನೋಡ್ರಿ. ‘ನನ್ನ ದನದಂಗ ಮಾರಿದ್ರು’ ಅಂತ ನಾಚಿಕಿ ಬಿಟ್ಟು ಬರದಾನ.”

ಧರ್ಮಣ್ಣನಿಗೆ ಮೈಯೆಲ್ಲ ಉರಿಯಿತು. ಅವನೂ ಹನ್ನೊಂದು ವರ್ಷ ತನ್ನೂರಿನ ಗೌಡರ ಮನೆಯಲ್ಲಿ ಜೀತಕ್ಕಿದ್ದವನೇ, ಒಂದು ನಸುಕಿನಲ್ಲಿ ಓಡಿಬಂದು ಪುಣೆಯ ರೈಲು ಹತ್ತಿದವನೇ. ಆದರೆ ಹೆಣ್ಣು ನೋಡಲು ಹೋದಾಗ, ಗೌಡರ ಹೊಲವನ್ನು ಪಾಲಿಗೆ ಮಾಡುತ್ತಿದ್ದೆ ಎಂದು ಎದೆ ಸೆಟೆಸಿ ಸುಳ್ಳು ಹೇಳಿದ್ದ. ಜೀತದಾಳಿಗೆ ಯಾರು ಹೆಣ್ಣು ಕೊಟ್ಟಾರು? ನಿಜ ತಿಳಿದರೆ ಸಾಬವ್ವನ ಕಣ್ಣಲ್ಲಿ ಸಣ್ಣವನಾಗುತ್ತೇನೆಂದು ಹದಿನಾಲ್ಕು ವರ್ಷ ಬಾಯಿ ಬಿಗಿಹಿಡಿದಿದ್ದ. ತಾನು ಬಚ್ಚಿಟ್ಟದ್ದನ್ನೇ ಬಯಲಿಗಿಟ್ಟು ಆ ಪುಣ್ಯಾತ್ಮ ‘ಗಟ್ಟಿ ಗಂಡಸು’ ಅನ್ನಿಸಿಕೊಂಡಿದ್ದ. ಇದು ಯಾವ ಊರಿನ ನ್ಯಾಯ?

ಶನಿವಾರ ಸಂಜೆ ಸಾಬವ್ವ ಓಡಿಹೋಗುವ ಅಧ್ಯಾಯವನ್ನು ಗಟ್ಟಿಯಾಗಿ ಓದಿದಳು.

“ನಾಯಿ ಬೆನ್ನ ಹತ್ತಿದ್ದುವಂತ, ಪಾಪ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಧರ್ಮಣ್ಣನಿಗೆ ಇನ್ನು ತಡೆಯಲಾಗಲಿಲ್ಲ. “ನಾಯಿ ಏನ ದೊಡ್ಡದು? ನನ್ನ ಬೆನ್ನ ಹತ್ತಿದ್ದು ನಾನೇ ಜ್ವಾಪಾನ ಮಾಡಿದ ಎತ್ತು. ಕೊರಳಾಗ ಗಂಟಿ ಬ್ಯಾರೆ, ಸಪ್ಪಳಕ್ಕ ಗೌಡ್ರು ಎದ್ದಾರಂತ ಅಂಜಿಕಿ. ಅಳಕೋಂತ ಕಲ್ಲ ಹೊಡದು ಹೊಳ್ಳಿ ಕಳಿಸೀನಿ, ಗೊತ್ತದ ಏನು?”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಸಾಬವ್ವ ಮೆಲ್ಲಗೆ ಪುಸ್ತಕ ಮುಚ್ಚಿದಳು. ಅವಳ ಮುಖದಲ್ಲಿ ಅಚ್ಚರಿಯೇ ಇರಲಿಲ್ಲ.

“ಮದುವ್ಯಾಗಿ ಬಂದ ದಿನಾನೇ ತಿಳೀತ್ರಿ. ಉಂಡ ತಾಟ ನೀವೇ ತೊಳದು, ಬಾಗಲ ಹಿಂದ ಬ್ಯಾರೆ ಇಟ್ರಿ. ಇವತ್ತಿಗೂ ಅಲ್ಲೇ ಇಡ್ತೀರಿ. ಹೊಲಾ ಪಾಲಿಗೆ ಮಾಡಿದವರು ಹಂಗ ಮಾಡ್ತಾರೇನು?”

ಧರ್ಮಣ್ಣ ಬಾಗಿಲ ಹಿಂದೆ ನೋಡಿದ. ಗೌಡರ ಕೊಟ್ಟಿಗೆಯ ಗೂಡಿನಲ್ಲಿಡುತ್ತಿದ್ದಂತೆಯೇ ತಾಟನ್ನು ಬೋರಲು ಹಾಕಿಟ್ಟಿದ್ದ.

“ಮತ್ಯಾಕ ಕೇಳಲಿಲ್ಲ?”

“ನೀವೇ ಹೇಳ್ತೀರಿ ಅಂತ ಕಾದೆ. ಆಂವ ಯಾರೋ ಏನೋ, ಆರು ವಾರದಾಗ ನನಗ ಎಲ್ಲಾ ಹೇಳಿದ. ನೀವು ಹದಿನಾಲ್ಕು ವರ್ಷ ತಗೊಂಡ್ರಿ.”